ಸಮ್ಮರ್‌ನಲ್ಲೂ ಸೋನೆ ಮಳೆ: ಐರ್ಲೆಂಡಿನ ಹಳ್ಳಿಮನೆಗೆ ಸ್ನೇಹಿತರು ಬಂದಾಗ ಏನೇನು ಮಾಡಬೇಕು

ಐರ್ಲೆಂಡಿನ ಪಶ್ಚಿಮ ಕರಾವಳಿಯ ಹಳ್ಳಿಗಳಲ್ಲಿ ಮನೆ ಮಾಡಿರುವ ನಮ್ಮವರಿಗೆ ಈ ಫೋನ್ ಬಂದೇ ಬರುತ್ತದೆ. "ಜುಲೈನಲ್ಲಿ ಬರ್ತಿದ್ದೀವಿ ಕಣೋ, ನಿಮಗೆ ಸಮ್ಮರ್ ಅಲ್ವಾ?" ಹೌದು, ಕ್ಯಾಲೆಂಡರ್ ಪ್ರಕಾರ ಸಮ್ಮರೇ. ಆದರೆ ನಾನಿರುವ ಕ್ಲೇರ್ ಕೌಂಟಿಯಲ್ಲಿ ಜುಲೈನ ಮಧ್ಯಾಹ್ನ ಅಂದರೆ ಸಾಮಾನ್ಯವಾಗಿ 18-20 ಡಿಗ್ರಿ, ಮೋಡ, ಗಾಳಿ, ನಡುನಡುವೆ ಸೋನೆ. ಬಂದವರು ಮೂರನೇ ದಿನಕ್ಕೆ ಕಿಟಕಿ ಪಕ್ಕ ಕೂತು ಮೊಬೈಲ್ ಉಜ್ಜಲು ಶುರು ಮಾಡುತ್ತಾರೆ. ನೀವು "ಹೋದ ವಾರ ಎಷ್ಟು ಚೆನ್ನಾಗಿತ್ತು ಗೊತ್ತಾ" ಅಂತ ಆಕಾಶದ ಪರವಾಗಿ ಕ್ಷಮೆ ಕೇಳುತ್ತಾ ಮನೆ ತುಂಬಾ ಓಡಾಡುತ್ತೀರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಂದವರ ಮೂಡ್ ಕೆಡಿಸುವುದು ಒದ್ದೆ ಕಾಲುಚೀಲ, ಒಣಗದ ಜೀನ್ಸ್, ತಣ್ಣಗಿನ ಬಚ್ಚಲು, ಜೊತೆಗೆ "ಸ್ವಲ್ಪ ಕಾಯೋಣ, ಬಿಸಿಲು ಬರಬಹುದು" ಅಂತ ಸುಮ್ನೆ ಕಳೆದ ದಿನಗಳು. ಮಳೆಯ ಪಾಲು ಅದರಲ್ಲಿ ಕಮ್ಮಿ. ಮಳೆಗೆ ನೀವು ಏನೂ ಮಾಡಲಾಗದು, ಉಳಿದ ನಾಲ್ಕಕ್ಕೂ ಮಾಡಬಹುದು.

1. ಟಿಕೆಟ್ ಬುಕ್ ಆಗುವ ಮುಂಚೆ

ಇಲ್ಲಿ ಮುಚ್ಚುಮರೆ ಬೇಡ. ಐರ್ಲೆಂಡಿನ ಪೂರ್ವ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 150 ಮಳೆ ದಿನ, ಪಶ್ಚಿಮದ ಕೆಲವು ಕಡೆ ಸುಮಾರು 225. ಇದನ್ನು ಹಾಗೇ ಹೇಳಿ. ಮಲೆನಾಡಿನ ಸ್ನೇಹಿತರಾದರೆ ನಕ್ಕುಬಿಡುತ್ತಾರೆ, ಯಾಕೆಂದರೆ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ, ನಮ್ಮಲ್ಲಿ 1,000ದಿಂದ 1,400ರ ಆಸುಪಾಸು. ಆದರೆ ಅಲ್ಲಿ ಅದು ಮುಂಗಾರಿನಲ್ಲಿ ಹೊಯ್ದು ಮುಗಿಸುತ್ತದೆ, ಆಮೇಲೆ ಬಿಸಿಲು. ಇಲ್ಲಿ ಹನ್ನೆರಡು ತಿಂಗಳೂ ಸ್ವಲ್ಪ ಸ್ವಲ್ಪ. ಜೊತೆಗೆ ಅಟ್ಲಾಂಟಿಕ್ ಗಾಳಿ ಬೇರೆ, ಮಳೆ ಮೇಲಿಂದ ಬೀಳುವುದಕ್ಕಿಂತ ಪಕ್ಕದಿಂದ ಎರಚುವುದೇ ಜಾಸ್ತಿ. ಛತ್ರಿ ಬಿಚ್ಚಿದ ಐದು ನಿಮಿಷಕ್ಕೆ ಉಲ್ಟಾ.

ದಿನಾಂಕ ಇನ್ನೂ ಗೊತ್ತಾಗಿಲ್ಲದಿದ್ದರೆ ಮೇ ತಿಂಗಳಿಗೆ ಎಳೆಯಿರಿ. ಇಲ್ಲಿ ಬಿಸಿಲು ಜಾಸ್ತಿ ಬೀಳುವುದು ಮೇ-ಜೂನ್‌ನಲ್ಲಿ, ದಿನಕ್ಕೆ ಸರಾಸರಿ ಐದಾರು ಗಂಟೆ. ನಮ್ಮ ಕಡೆ ಮಕ್ಕಳ ಬೇಸಿಗೆ ರಜೆಯೂ ಆಗಲೇ. ಬರೆನ್ ಎಂಬ ನಮ್ಮ ಸುಣ್ಣಕಲ್ಲಿನ ಬಯಲಲ್ಲಿ ಸ್ಪ್ರಿಂಗ್ ಜೆನ್ಷನ್ ಅನ್ನುವ ಗಾಢ ನೀಲಿ ಹೂವು ಅರಳುವುದೂ ಆಗಲೇ. ಡಿಸೆಂಬರ್‌ನಲ್ಲಿ ಬರುತ್ತೇವೆ ಅನ್ನುವವರಿಗೆ ಒಂದೇ ಮಾತು ಹೇಳಿ, ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಅದಕ್ಕೂ ಸರಿ ಅಂದರೆ ಬರಲಿ ಪಾಪ.

ವೀಸಾ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಯುರೋಪಿನ ಬಹುಪಾಲು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ವಲಯದೊಳಗೆ ಐರ್ಲೆಂಡ್ ಇಲ್ಲ. ಪ್ಯಾರಿಸ್ ನೋಡಿಕೊಂಡು ಹಾಗೇ ನಿಮ್ಮನೆಗೆ ಬರುವುದಾದರೆ ಎರಡು ವೀಸಾ ಬೇಕು. ಬ್ರಿಟನ್ ಜೊತೆ ಸೇರಿಸುವುದಾದರೆ ಬ್ರಿಟಿಷ್-ಐರಿಷ್ ವೀಸಾ ಯೋಜನೆ ಭಾರತೀಯರಿಗೂ ಇದೆ. ವೀಸಾದ ಮೇಲೆ ಆ ಗುರುತು ಬಿದ್ದಿದ್ದರೆ ಒಂದೇ ವೀಸಾದಲ್ಲಿ ಎರಡೂ ದೇಶ ನೋಡಬಹುದು. ಅರ್ಜಿ ಹಾಕುವಾಗಲೇ ವಿಚಾರಿಸಲು ಹೇಳಿ.

2. ವಾಟ್ಸಾಪ್‌ನಲ್ಲಿ ಕಳಿಸಬೇಕಾದ ಪಟ್ಟಿ

ಹೊರಡುವ ಒಂದು ತಿಂಗಳ ಮುಂಚೆ ಕಳಿಸಿ, ಹಿಂದಿನ ದಿನ ಅಲ್ಲ. ನಾನು ಕಳಿಸುವುದು ಹೆಚ್ಚುಕಮ್ಮಿ ಹೀಗೆ:

"ಜೀನ್ಸ್ ಒಂದೇ ಸಾಕು, ಒದ್ದೆಯಾದರೆ ಎರಡು ದಿನ ಒಣಗಲ್ಲ. ಬೇಗ ಒಣಗುವ ಪ್ಯಾಂಟ್ ತನ್ನಿ. ತಲೆಗೆ ಟೋಪಿ ಇರುವ ಜರ್ಕಿನ್, ನಿಜವಾಗಿ ನೀರು ತಡೆಯುವಂಥದ್ದು. ಶೂ ಎರಡು ಜೊತೆ. ಕಾಲುಚೀಲ ಎಷ್ಟಾದರೂ ಸರಿ. ಛತ್ರಿ ಬೇಡವೇ ಬೇಡ. ಮನೆಯೊಳಗೆ ಹಾಕಿಕೊಳ್ಳಲು ಚಪ್ಪಲಿ. ಪ್ಲಗ್ ಇಲ್ಲಿ ಬ್ರಿಟನ್ ಥರದ ಚೌಕ ಮೂರು ಪಿನ್ನಿಂದು, ಅಡಾಪ್ಟರ್ ಇರಲಿ."

ತಿಂಡಿ ವಿಷಯಕ್ಕೆ ಬೇರೆ ಮೆಸೇಜ್ ಬೇಕು. ಇಲ್ಲದಿದ್ದರೆ ಅವರ ಅಮ್ಮಂದಿರು ಎಲ್ಲವನ್ನೂ ತುಂಬಿ ಕಳಿಸುತ್ತಾರೆ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ತರುವ ಹಾಗಿಲ್ಲ, ಅಂದರೆ ಊರಿನ ತುಪ್ಪ ಬೇಡ. ಹಸಿ ಹಣ್ಣು, ತರಕಾರಿ, ಸೊಪ್ಪಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಹಾಗಾಗಿ ಕರಿಬೇವು, ಮಾವಿನಹಣ್ಣು ಬೇಡ. ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ಅನಾನಸ್‌ಗೆ ವಿನಾಯಿತಿ ಇದೆ, ಆದರೆ ಕಾಯಿ ಹೊತ್ತು ತರುವ ಕರ್ಮ ಯಾಕೆ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಹಪ್ಪಳ, ಅವಲಕ್ಕಿ ಸಾಕು. ತುಪ್ಪಕ್ಕೆ ಚಿಂತೆ ಬೇಡ. ಇಲ್ಲಿನ ಬೆಣ್ಣೆ ಕಾಯಿಸಿದರೆ ಊರಿನ ತುಪ್ಪ ಮರೆಯುವಷ್ಟು ಚೆನ್ನಾಗಿರುತ್ತದೆ. ನಮ್ಮಮ್ಮನ ಮುಂದೆ ಮಾತ್ರ ಹೀಗೆ ಹೇಳುವುದಿಲ್ಲ.

3. ಮನೆ ಒಣಗಿಸಿ ಇಡಿ

ಇದು ಎಲ್ಲಕ್ಕಿಂತ ಮುಖ್ಯ. ಹಳ್ಳಿಮನೆಯಲ್ಲಿ ಅತಿಥಿಗಳ ರೂಮು ತಿಂಗಳುಗಟ್ಟಲೆ ಖಾಲಿ ಬಿದ್ದಿರುತ್ತದೆ. ಹಾಸಿಗೆ ಮುಟ್ಟಿದರೆ ಒದ್ದೆಯೋ ತಣ್ಣಗೋ ಗೊತ್ತಾಗಲ್ಲ, ಬೀರು ತೆಗೆದರೆ ಮುಗ್ಗಲು ವಾಸನೆ. ಅವರು ಬರುವ ಮೂರು ನಾಲ್ಕು ದಿನ ಮುಂಚೆಯೇ ಆ ರೂಮಿನ ರೇಡಿಯೇಟರ್ ಹಾಕಿ, ತೇವ ಹೀರುವ ಡಿಹ್ಯೂಮಿಡಿಫೈಯರ್ ಇಡಿ. ಅದರ ಡಬ್ಬಿಯಲ್ಲಿ ತುಂಬುವ ನೀರು ನೋಡಿದರೆ ಇಷ್ಟು ದಿನ ಇದೆಲ್ಲ ಗೋಡೆಯಲ್ಲಿತ್ತಾ ಅಂತ ಗಾಬರಿಯಾಗುತ್ತದೆ. ಈ ಮಷಿನ್ ಇಲ್ಲದಿದ್ದರೆ ಒಂದು ತಗೊಳ್ಳಿ. ಅತಿಥಿಗಳು ಹೋದ ಮೇಲೂ ನಿಮಗೇ ಬೇಕು.

ಆಮೇಲೆ ಬಾಗಿಲ ಹತ್ತಿರ ಒಂದು ಜಾಗ ಖಾಲಿ ಮಾಡಿ. ಬಂದವರು ಒದ್ದೆ ಜರ್ಕಿನ್, ಬೂಟು ಅಲ್ಲೇ ಬಿಡಬೇಕು, ಒಳಗೆ ತರಬಾರದು. ಗೋಡೆಗೆ ಮೊಳೆಗಳು ಬೇಕಾದಷ್ಟಿರಲಿ, ಕೆಳಗೆ ಹಳೇ ಟವೆಲ್, ಪಕ್ಕದಲ್ಲಿ ಹಳೇ ಪೇಪರ್‌ಗಳ ಕಟ್ಟು. ಒದ್ದೆ ಶೂ ಒಣಗಿಸಲು ಪೇಪರ್‌ನಷ್ಟು ಒಳ್ಳೆಯದು ಯಾವುದೂ ಇಲ್ಲ. ಒಳಗಿನ ಅಟ್ಟೆ ಹೊರಗೆ ತೆಗೆಯಿರಿ, ಪೇಪರ್ ಉಂಡೆ ಮಾಡಿ ಮೂತಿಯ ತನಕ ತುರುಕಿ, ಒಂದು ಗಂಟೆ ಬಿಟ್ಟು ಆ ಪೇಪರ್ ತೆಗೆದು ಹೊಸದು ತುಂಬಿ. ಆ ಎರಡನೇ ಸಲ ತುಂಬುವುದನ್ನೇ ಎಲ್ಲರೂ ಮರೆಯುವುದು. ರಾತ್ರಿ ಇಟ್ಟರೆ ಬೆಳಿಗ್ಗೆಗೆ ಹಾಕಿಕೊಳ್ಳುವ ಹಾಗಿರುತ್ತದೆ. ಒಲೆಗೆ ಒತ್ತಿ ಇಡಬೇಡಿ, ಅಂಟು ಬಿಟ್ಟು ಅಟ್ಟೆ ಕಿತ್ತು ಬರುತ್ತದೆ.

ಗಂಬೂಟು ಎರಡು ಮೂರು ಅಳತೆಯದ್ದು ಮನೆಯಲ್ಲೇ ಇಟ್ಟಿರಿ. ರೈತರು ಸಾಮಾನು ಕೊಳ್ಳುವ ಕೋ-ಆಪ್ ಅಂಗಡಿಗಳಲ್ಲಿ ಸಿಗುತ್ತದೆ. ಬೆಂಗಳೂರಿನ ಸ್ನೇಹಿತ ಮೊದಲು "ಅಯ್ಯೋ ಇದೇನ್ ಗುರೂ ವೇಷ" ಅನ್ನುತ್ತಾನೆ, ಎರಡನೇ ದಿನ ಅದರಲ್ಲೇ ಫೋಟೋ ತೆಗೆಸಿಕೊಳ್ಳುತ್ತಾನೆ.

ಒಲೆಗೆ ಒಣ ಸೌದೆ ಅಥವಾ ಪೀಟ್ (ಉರಿಯುವ ಜೌಗುಮಣ್ಣು) ಇಟ್ಟಿಗೆ ಬೇಕಾದಷ್ಟು ತಂದಿಡಿ. ಸೀಮೆಎಣ್ಣೆ ಬಾಯ್ಲರ್ ಇದ್ದರೆ ಹೊರಗಿನ ಟ್ಯಾಂಕಿನಲ್ಲಿ ಎಣ್ಣೆ ಎಷ್ಟಿದೆ ಅಂತ ಇಣುಕಿ ನೋಡಿ. ಮನೆ ತುಂಬಾ ಜನ ಇರುವಾಗಲೇ ಅದು ಖಾಲಿಯಾಗುವುದು. ಕಾರ್ಬನ್ ಮಾನಾಕ್ಸೈಡ್ ಅಲಾರ್ಮಿನ ಬ್ಯಾಟರಿಯನ್ನೂ ನೋಡಿಬಿಡಿ, ಇದರಲ್ಲಿ ಉದಾಸೀನ ಬೇಡ.

4. ಬಂದ ದಿನ ಮನೆ ತೋರಿಸುವುದು

ಇಲ್ಲಿನ ಮನೆಗಳಲ್ಲಿ ಬಿಸಿನೀರು ತಾನಾಗಿ ಬರಲ್ಲ. ಬಿಸಿನೀರಿನ ಡ್ರಮ್ಮನ್ನು ಕರೆಂಟಿನಲ್ಲಿ ಕಾಯಿಸುವ ಇಮರ್ಷನ್ ಸ್ವಿಚ್ಚಿನಲ್ಲಿ 'ಸಿಂಕ್', 'ಬಾತ್' ಅಂತ ಎರಡು ಇರುತ್ತದೆ. ಮೊದಲನೆಯದು ಡ್ರಮ್ಮಿನ ಮೇಲ್ಭಾಗ ಮಾತ್ರ ಕಾಯಿಸುತ್ತದೆ, ಎರಡನೆಯದು ಪೂರ್ತಿ. ಆಫ್ ಮಾಡಲು ಮರೆತರೆ ಕರೆಂಟ್ ಬಿಲ್ ನಿಮಗೆ. ಎಲೆಕ್ಟ್ರಿಕ್ ಶವರ್ ಆದರೆ ಇನ್ನೊಂದು ಕಥೆ. ಅದಕ್ಕೆ ಇಮರ್ಷನ್ ಬೇಡ, ತಣ್ಣೀರನ್ನೇ ಎಳೆದುಕೊಂಡು ತಾನೇ ಕಾಯಿಸುತ್ತದೆ, ಆದರೆ ತಾರಸಿಯಿಂದ ನೇತಾಡುವ ದಾರ ಎಳೆಯಬೇಕು. ಆ ದಾರ ಏನಕ್ಕೆ ಅಂತ ಗೊತ್ತಿಲ್ಲದೆ ತಣ್ಣೀರಲ್ಲಿ ನಡುಗುತ್ತಾ ಸ್ನಾನ ಮಾಡಿ, ಸಂಕೋಚಕ್ಕೆ ಬಾಯಿಬಿಡದ ಅತಿಥಿಗಳಿದ್ದಾರೆ. ನೀವೇ ಎಳೆದು ತೋರಿಸಿ.

ಸೆಪ್ಟಿಕ್ ಟ್ಯಾಂಕ್ ಇರುವ ಮನೆಯಲ್ಲಿ ಟಿಶ್ಯೂ ಕಾಗದ ಬಿಟ್ಟು ಬೇರೇನೂ ಕಮೋಡಿಗೆ ಹಾಕಬಾರದು, ಒದ್ದೆ ವೈಪ್ಸ್ ಅಂತೂ ಬೇಡವೇ ಬೇಡ. ಬಜ್ಜಿ ಕರಿದ ಎಣ್ಣೆ ಸಿಂಕಿಗೆ ಸುರಿಯಬಾರದು. ಸ್ವಂತ ಬಾವಿಯಾದರೆ ಕರೆಂಟ್ ಹೋದ ಕೂಡಲೇ ಪಂಪ್ ನಿಂತು ನೀರೂ ಹೋಗುತ್ತದೆ. ಎರಡು ಕ್ಯಾನ್ ತುಂಬಿಸಿಡಿ. ಬೆಂಗಳೂರಿನವರಿಗೆ ಇದನ್ನು ವಿವರಿಸುವುದೇ ಬೇಡ, ಬಕೆಟ್ ತುಂಬಿಸಿಡುವುದು ರಕ್ತದಲ್ಲೇ ಇದೆ.

ಐರ್‌ಕೋಡ್ ಬರೆದು ಫ್ರಿಜ್ಜಿಗೆ ಅಂಟಿಸಿ, ಅವರ ಫೋನಿಗೂ ಕಳಿಸಿ. ಹಳ್ಳಿಮನೆಗಳಿಗೆ ಇಲ್ಲಿ ನಂಬರ್ ಇರುವುದಿಲ್ಲ, ಎಷ್ಟೋ ರಸ್ತೆಗೆ ಹೆಸರೂ ಇಲ್ಲ. 2015ರಲ್ಲಿ ಬಂದ ಈ ಏಳು ಅಕ್ಷರದ ಕೋಡ್ ಪ್ರತಿ ಮನೆಗೂ ಬೇರೆ ಬೇರೆ. ಟ್ಯಾಕ್ಸಿಗೂ ಆಂಬುಲೆನ್ಸಿಗೂ ಅದೇ ವಿಳಾಸ. ಸಿಗ್ನಲ್ ಸಿಗದ ತಿರುವುಗಳಿರುತ್ತವೆ, ಹಾಗಾಗಿ ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಸಿ.

ಅವರು ಕಾರು ಬಾಡಿಗೆಗೆ ತಗೊಂಡಿದ್ದರೆ ಎಡಗಡೆ ಓಡಿಸುವುದು, ನಮ್ಮ ಥರಾನೇ. ಕಷ್ಟ ಇರುವುದು ಒಂದೇ ಗಾಡಿ ಹಿಡಿಸುವ ಬೇಲಿ ರಸ್ತೆಗಳಲ್ಲಿ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಅಗಲ ಇರುವ ಕಡೆಗೆ ಹಿಂದಕ್ಕೆ ಹೋಗಬೇಕು. ಹಾರ್ನ್ ಬೇಡ. ದಾಟುವಾಗ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತಿದರೆ ಸಾಕು, ಅದೇ ನಮಸ್ಕಾರ.

5. ದಿನವನ್ನು ಅರ್ಧರ್ಧ ಮಾಡಿ

ಇಡೀ ದಿನದ ಪ್ಲಾನ್ ಇಲ್ಲಿ ನಡೆಯಲ್ಲ. ಬೆಳಿಗ್ಗೆ ಒಂದು, ಮಧ್ಯಾಹ್ನದ ಮೇಲೆ ಒಂದು, ಅಷ್ಟೇ. ಒಂದು ಹೊರಗಿನದು, ಒಂದು ಒಳಗಿನದು. ಯಾವುದು ಮೊದಲು ಅನ್ನುವುದನ್ನು ತಿಂಡಿ ತಿನ್ನುವಾಗ ನಿರ್ಧರಿಸಿ. ಮೆಟ್ ಏರನ್ ಹವಾಮಾನ ಆ್ಯಪ್‌ನಲ್ಲಿ ದಿನದ ಚಿತ್ರ ನೋಡಬೇಡಿ, ಅದರಲ್ಲಿ ವಾರವಿಡೀ ಮೋಡದ ಕೆಳಗೆ ಹನಿಯೇ ಇರುತ್ತದೆ, ಸುಮ್ನೆ ಬೇಜಾರು. ಮಳೆಯ ರೇಡಾರ್ ತೆಗೆಯಿರಿ. ಮೋಡದ ಪಟ್ಟಿಗಳು ಪಶ್ಚಿಮದಿಂದ ಬರುತ್ತಿರುವುದು, ಅವುಗಳ ನಡುವಿನ ಖಾಲಿ ಜಾಗ, ಎರಡೂ ಕಾಣುತ್ತದೆ. ಆ ಖಾಲಿ ಜಾಗ ನಿಮ್ಮ ಮೇಲೆ ಬರುವ ಹೊತ್ತಿಗೆ ಎಲ್ಲರೂ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿರಬೇಕು. ಮಳೆ ನಿಂತ ಮೇಲೆ ರೆಡಿಯಾಗಲು ಶುರು ಮಾಡಿದರೆ, ಒಬ್ಬರು ಸ್ನಾನ, ಇನ್ನೊಬ್ಬರು ಚಾರ್ಜರ್ ಹುಡುಕುವುದು, ಅಷ್ಟರಲ್ಲಿ ಮುಂದಿನ ಮೋಡ ಬಂದಿರುತ್ತದೆ.

ಜೂನ್-ಜುಲೈನಲ್ಲಿ ರಾತ್ರಿ ಹತ್ತರ ತನಕ ಬೆಳಕಿರುತ್ತದೆ. ಇದು ನಿಮ್ಮ ಕೈಯಲ್ಲಿರುವ ದೊಡ್ಡ ಅನುಕೂಲ. ಹಗಲೆಲ್ಲ ಸುರಿದು ಸಂಜೆ ತಿಳಿಯಾಗುವುದುಂಟು. ಊಟ ಬೇಗ ಮುಗಿಸಿ ಎಂಟಕ್ಕೆ ಹೊರಟರೂ ನಡೆಯುತ್ತದೆ.

6. ಎಲ್ಲಿಗೆ ಕರೆದುಕೊಂಡು ಹೋಗುವುದು

ಎಲ್ಲರಿಗೂ ಮೊಹರ್ ಬಂಡೆಗಳನ್ನೇ ನೋಡಬೇಕು. 214 ಮೀಟರ್ ಎತ್ತರದ ಕಡಲಬಂಡೆ, ಕೆಳಗೆ ಅಟ್ಲಾಂಟಿಕ್. ಮಂಜು ಕವಿದ ದಿನ ಹೋದರೆ ಬೇಲಿ ಮಾತ್ರ ಕಾಣುತ್ತದೆ, ಕೊಟ್ಟ ದುಡ್ಡೂ ದಂಡ. ಹಾಗಾಗಿ ಇದಕ್ಕೆ ದಿನ ಗೊತ್ತು ಮಾಡಬೇಡಿ. ಅವರು ಇರುವಷ್ಟು ದಿನದಲ್ಲಿ ಮೊದಲ ತಿಳಿಯಾದ ಹೊತ್ತು ಇದಕ್ಕೇ ಮೀಸಲು, ಉಳಿದದ್ದೆಲ್ಲ ಪಕ್ಕಕ್ಕೆ. ಗಾಳಿ ಜೋರಿದ್ದರೆ ಅಂಚಿನ ಹತ್ತಿರ ಹೋಗುವುದೇ ಬೇಡ. ಮುಚ್ಚಿದ ಕಾಲುದಾರಿಗಳಿಗೆ ಸೆಲ್ಫಿ ಆಸೆಗೆ ನುಗ್ಗುವ ಸ್ನೇಹಿತ ಇದ್ದೇ ಇರುತ್ತಾನೆ, ಅವನ ಮೇಲೆ ಒಂದು ಕಣ್ಣಿರಲಿ.

ಡೂಲಿನ್‌ನಿಂದ ಇನಿಶೀರ್ ದ್ವೀಪಕ್ಕೆ ಹೋಗುವ ದೋಣಿಯೂ ಹಾಗೇ. ಮಳೆ ಇದ್ದರೂ ಹೋಗುತ್ತದೆ, ಅಲೆ ಎದ್ದರೆ ರದ್ದು. ಹೊಟ್ಟೆ ತೊಳೆಸುವವರಿದ್ದರೆ ಮಸಾಲೆದೋಸೆ ತಿನ್ನಿಸಿ ಹತ್ತಿಸಬೇಡಿ.

ಧೋ ಅಂತ ಸುರಿಯುವ ದಿನಕ್ಕೆ ನೆಲದ ಕೆಳಗೆ ಹೋಗಿ. ಬರೆನ್ ಪೂರ್ತಿ ಸುಣ್ಣಕಲ್ಲು, ನೀರು ಕಲ್ಲನ್ನು ಕರಗಿಸಿ ಗುಹೆ ಮಾಡಿದೆ. ಐಲ್ವೀ ಗುಹೆಯನ್ನು ಗೈಡ್ ಜೊತೆ ನೋಡಬಹುದು. ಒಳಗೊಂದು ಜಲಪಾತ ಇದೆ, ಮಳೆ ಬಂದಷ್ಟೂ ಅದರ ಅಬ್ಬರ ಜಾಸ್ತಿ. ಡೂಲಿನ್ ಗುಹೆಯಲ್ಲಿ ಮೇಲಿಂದ ಇಳಿಬಿದ್ದ 7.3 ಮೀಟರ್ ಉದ್ದದ ಸುಣ್ಣಕಲ್ಲಿನ ತೂಗುಕಲ್ಲು (ಸ್ಟ್ಯಾಲಕ್ಟೈಟ್) ಇದೆ. ಕತ್ತಲಲ್ಲಿ ನಿಲ್ಲಿಸಿ ದೀಪ ಹಾಕಿದಾಗ ಎಂಥ ಬಾಯಾಳಿಯೂ ಸುಮ್ಮನಾಗುತ್ತಾನೆ. ಮೆಟ್ಟಿಲು ಜಾಸ್ತಿ, ಮಂಡಿನೋವಿನವರಿಗೆ ಮೊದಲೇ ಹೇಳಿ. ಗುಹೆಯೊಳಗೆ ಬೇಸಿಗೆಯಲ್ಲೂ ಥಂಡಿ, ಸ್ವೆಟರ್ ಇರಲಿ.

ಮಳೆ ಬಂದು ನಿಂತ ಮೇಲೆ ನಾನು ತೋರಿಸುವುದು ಟರ್ಲೋ. ಇದು ಬರೆನ್ ಕಡೆಯ ವಿಚಿತ್ರ. ಒಂದು ವಾರ ಹಸು ಮೇಯುತ್ತಿದ್ದ ಹುಲ್ಲುಗಾವಲು, ಮಳೆ ಜಾಸ್ತಿಯಾದರೆ ಕೆರೆ. ನೀರು ತೊರೆಯಿಂದ ಹರಿದು ಬರುವುದಲ್ಲ, ನೆಲದ ಕೆಳಗಿನ ಬಿರುಕುಗಳಿಂದ ಉಕ್ಕಿ ಬರುತ್ತದೆ, ಆಮೇಲೆ ಅದೇ ಬಿರುಕಿನಲ್ಲಿ ಇಂಗಿಹೋಗುತ್ತದೆ. ಕ್ಯಾರನ್ ಹಳ್ಳಿಯ ಹತ್ತಿರದ್ದು ದೊಡ್ಡದು. ಬೇಲಿಕಂಬಗಳು ನೀರಿನೊಳಗಿಂದ ತಲೆ ಎತ್ತಿರುತ್ತವೆ, ಅದರ ಮೇಲೆ ಹಕ್ಕಿ ಕೂತಿರುತ್ತದೆ. ಬಿಸಿಲಿನ ವಾರದಲ್ಲಿ ಬಂದವರಿಗೆ ಇದನ್ನು ತೋರಿಸಲು ಆಗುವುದೇ ಇಲ್ಲ.

ಪೌಲ್ನಬ್ರೋನ್ ಕಲ್ಲುಗೋರಿ 5,000 ವರ್ಷಕ್ಕಿಂತ ಹಳೆಯದು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನ ಕಲ್ಲುಗೋರಿಗಳನ್ನು ನೋಡಿದವರಿಗೆ "ಇದು ನಮ್ಮ ಮೋರ್ಯರ ಮನೆ ಥರಾನೇ ಇದೆಯಲ್ಲ" ಅನಿಸುತ್ತದೆ. ರಸ್ತೆಯಿಂದ ಹತ್ತಿರ, ಸೋನೆಯಲ್ಲೂ ಹೋಗಬಹುದು. ಒದ್ದೆ ಸುಣ್ಣಕಲ್ಲು ಜಾರುತ್ತದೆ, ಅಷ್ಟು ಜೋಪಾನ. ಬನ್ರಾಟಿಯ ಜಾನಪದ ಪಾರ್ಕ್, ಎನ್ನಿಸ್‌ನ ಕ್ಲೇರ್ ಮ್ಯೂಸಿಯಂ, ಗಾಲ್ವೇಯ ಸಿಟಿ ಮ್ಯೂಸಿಯಂ, ಲಿಮರಿಕ್‌ನ ಹಂಟ್ ಮ್ಯೂಸಿಯಂ, ಇವೆಲ್ಲ ಅರ್ಧ ದಿನಕ್ಕೆ ಸರಿ. ಲಾಹಿಂಚ್‌ನಲ್ಲಿ ಸರ್ಫಿಂಗ್ ಕಲಿಸುವವರಿದ್ದಾರೆ. ಹೇಗಿದ್ದರೂ ಒದ್ದೆಯಾಗುವ ಆಟ, ವೆಟ್‌ಸೂಟ್ ಅವರೇ ಕೊಡುತ್ತಾರೆ, ಮಳೆ ಲೆಕ್ಕಕ್ಕೇ ಇಲ್ಲ.

ರಾತ್ರಿಗೆ ಪಬ್. ಕುಡಿಯದವರೂ ಬನ್ನಿ ಅಂತ ಒತ್ತಾಯ ಮಾಡಿ, ಕ್ಲೇರ್ ಅಂದರೆ ಸಂಗೀತ. ಡೂಲಿನ್, ಮಿಲ್ಟೌನ್ ಮಾಲ್ಬೆ ಕಡೆ ಮೂಲೆಯ ಟೇಬಲ್‌ನಲ್ಲಿ ಪಿಟೀಲು, ಕೊಳಲು, ಕಾನ್ಸರ್ಟಿನಾ ಹಿಡಿದು ನಾಲ್ಕು ಜನ ಕೂತರೆ ಮುಗಿಯಿತು. ಸ್ಟೇಜಿಲ್ಲ, ಮೈಕಿಲ್ಲ. ಮಿಲ್ಟೌನ್ ಮಾಲ್ಬೆಯಲ್ಲಿ ಪ್ರತಿ ಜುಲೈನಲ್ಲಿ ಪೈಪ್ ವಾದಕ ವಿಲ್ಲಿ ಕ್ಲಾನ್ಸಿಯ ಹೆಸರಿನ ಸಂಗೀತ ಶಾಲೆ 1973ರಿಂದ ನಡೆಯುತ್ತಿದೆ, ಆ ವಾರ ಊರಿಡೀ ಸಂಗೀತ. ಮಕ್ಕಳನ್ನು ದೊಡ್ಡವರ ಜೊತೆ ರಾತ್ರಿ ಒಂಬತ್ತರವರೆಗೆ, ಮೇಯಿಂದ ಸೆಪ್ಟೆಂಬರ್‌ವರೆಗೆ ಹತ್ತರವರೆಗೆ ಬಿಡುತ್ತಾರೆ. ಸಂಗೀತ ಶುರುವಾಗುವುದೇ ಒಂಬತ್ತೂವರೆಗೆ, ಅದಕ್ಕೇ ಮಕ್ಕಳಿದ್ದರೆ ಸಂಜೆಯ ಸೆಷನ್ ಎಲ್ಲಿದೆ ಅಂತ ಕೇಳಿಕೊಳ್ಳಿ.

7. ಅಡುಗೆಮನೆ

ದೋಸೆಹಿಟ್ಟು ಇಲ್ಲಿನ ಚಳಿಯಲ್ಲಿ ಕಲ್ಲಿನಂತೆ ಕೂತಿರುತ್ತದೆ, ಉಬ್ಬುವುದೇ ಇಲ್ಲ. ಅದಕ್ಕೆ ಹಾಟ್ ಪ್ರೆಸ್ ಇದೆ. ಬಿಸಿನೀರಿನ ಡ್ರಮ್ ಇರುವ ಆ ಬೀರುವಿನಲ್ಲಿ ಐರಿಷ್ ಜನ ಟವೆಲ್ ಇಡುತ್ತಾರೆ, ನಾವು ಹಿಟ್ಟಿನ ಪಾತ್ರೆ ಇಡುತ್ತೇವೆ. ಪಾತ್ರೆ ಅರ್ಧ ಮಾತ್ರ ತುಂಬಿ, ಕೆಳಗೊಂದು ತಟ್ಟೆ ಇಡಿ, ಸುತ್ತಲಿನ ಟವೆಲ್ ಬೇರೆ ಕಡೆ ಎತ್ತಿಡಿ. ಸಂಜೆ ಇಮರ್ಷನ್ ಹಾಕಿ ನೀರು ಕಾಯಿಸಿದ್ದರೆ ಬೆಳಿಗ್ಗೆಗೆ ಮುಚ್ಚಳ ಎತ್ತಿಕೊಂಡು ಉಕ್ಕಿರುತ್ತದೆ. ಕಾಲುಚೀಲ ಒಣಗಲು ಹಾಕುವುದೂ ಅಲ್ಲೇ, ಎರಡೂ ಒಟ್ಟಿಗೆ ಬೇಡ ಅಂತ ಹೇಳಬೇಕಾಗಿಲ್ಲ ಅಲ್ವಾ.

ಮೆಣಸಿನಸಾರು, ಬಿಸಿಬೇಳೆಬಾತ್, ಅಕ್ಕಿರೊಟ್ಟಿ, ಸಂಜೆಗೆ ಈರುಳ್ಳಿ ಬಜ್ಜಿ. ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದರೆ ಹೊಗೆ ಅಲಾರ್ಮ್ ಕಿರುಚುತ್ತದೆ, ಕಿಟಕಿ ಮೊದಲೇ ತೆಗೆಯಿರಿ. ಹೇಗಿದ್ದರೂ ದಿನಕ್ಕೆರಡು ಸಲ ಹತ್ತು ನಿಮಿಷ ಕಿಟಕಿ ತೆಗೆಯಲೇಬೇಕು. ಅಡುಗೆಯ ಹಬೆ, ಒಣಹಾಕಿದ ಬಟ್ಟೆ, ಇಷ್ಟು ಜನರ ಉಸಿರು ಸೇರಿ ಗಾಜಿನ ಮೇಲೆ ನೀರಿಳಿಯುತ್ತದೆ, ವಾರದಲ್ಲಿ ಮೂಲೆಗೆ ಬೂಷ್ಟು ಹಿಡಿಯುತ್ತದೆ.

ಇಲ್ಲಿ ಇನ್ನೊಂದು ಉಪಾಯ. ಅತಿಥಿಗಳಿಗೆ ಕೆಲಸ ಕೊಡಿ. ಸೌದೆ ತರುವುದು ಒಬ್ಬರಿಗೆ, ಒಲೆ ನೋಡಿಕೊಳ್ಳುವುದು ಇನ್ನೊಬ್ಬರಿಗೆ, ಕಾಯಿ ತುರಿಯುವುದು ಮತ್ತೊಬ್ಬರಿಗೆ. "ಅಯ್ಯೋ ನೀವು ಕೂತ್ಕೊಳ್ಳಿ" ಅಂದಷ್ಟೂ ಅವರಿಗೆ ಹೊತ್ತು ಹೋಗಲ್ಲ. ಒಲೆ ಉರಿಸಲು ಕಲಿತ ಮನುಷ್ಯ ಮಳೆಯ ಬಗ್ಗೆ ದೂರುವುದನ್ನೇ ಬಿಡುತ್ತಾನೆ, ಇನ್ನೂ ಜೋರಾಗಿ ಬರಲಿ ಅಂತ ಕಾಯುತ್ತಾನೆ.

8. ಹೊರಗೆ ಕಾಲಿಡಲಾಗದ ದಿನ

ಹವಾಮಾನ ಎಚ್ಚರಿಕೆಯ ಬಣ್ಣ ಮೂರು: ಹಳದಿ, ಕಿತ್ತಳೆ, ಕೆಂಪು. ಹಳದಿ ಅಂದರೆ ನೋಡಿಕೊಂಡು ಹೋಗಬಹುದು, ಕಿತ್ತಳೆ ಅಂದರೆ ಮನೆಯೇ ವಾಸಿ, ಕೆಂಪು ಅಂದರೆ ಮಾತೇ ಇಲ್ಲ. 2025ರ ಜನವರಿ 24ರಂದು ಎಯೋವಿನ್ ಬಿರುಗಾಳಿ ಗಾಲ್ವೇಯ ಮೇಸ್ ಹೆಡ್‌ನಲ್ಲಿ ಗಂಟೆಗೆ 183 ಕಿಲೋಮೀಟರ್ ಬೀಸಿತ್ತು, ದೇಶದಲ್ಲಿ 7 ಲಕ್ಷಕ್ಕೂ ಹೆಚ್ಚು ಮನೆ-ಅಂಗಡಿಗಳಿಗೆ ಕರೆಂಟ್ ಇರಲಿಲ್ಲ. ಬೇಸಿಗೆಯಲ್ಲಿ ಇಂಥದ್ದು ಅಪರೂಪ. ಆದರೂ ಟಾರ್ಚ್, ಪವರ್ ಬ್ಯಾಂಕ್, ಗ್ಯಾಸ್ ಸ್ಟೌ, ಕುಡಿಯುವ ನೀರು ಒಂದು ಕಡೆ ಇರಲಿ.

ಸಾಧಾರಣ ಮಳೆಯ ದಿನಕ್ಕೆ ಇಸ್ಪೀಟು, ಕೇರಂ, ಚೌಕಾಬಾರ ಸಾಕು. ಚೌಕಾಬಾರಕ್ಕೆ ಬೋರ್ಡ್ ಬೇಡ, ರಟ್ಟಿನ ಮೇಲೆ ಗೆರೆ ಎಳೆದರಾಯಿತು. ಕವಡೆ ತರಲು ಮೊದಲೇ ಹೇಳಿ, ಅಥವಾ ಬೀಚಿನಲ್ಲಿ ಆರಿಸಿದ ಚಿಪ್ಪು. ಮಧ್ಯಾಹ್ನ ಎಲ್ಲರನ್ನೂ ಎರಡು ಗಂಟೆ ಅವರ ಪಾಡಿಗೆ ಬಿಟ್ಟುಬಿಡಿ. ಒಂದೇ ಸೂರಿನಡಿ ದಿನವಿಡೀ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತರೆ ಎಂಥ ಗೆಳೆತನವೂ ಸಿಡುಕುತ್ತದೆ. ನಿಮಗೆ ಆಫೀಸ್ ಕೆಲಸ ಇದ್ದರೆ ಇದ್ದೇ ಇದೆ ಅಂತ ನೇರವಾಗಿ ಹೇಳಿ, ಬಾಗಿಲು ಹಾಕಿಕೊಳ್ಳಿ.

ಮತ್ತೆ, ಹವಾಮಾನಕ್ಕೆ ಸಾರಿ ಕೇಳುವುದನ್ನು ನಿಲ್ಲಿಸಿ. ನೀವು ಕೇಳಿದಷ್ಟೂ ಅವರಿಗೆ ಏನೋ ಕಳೆದುಕೊಂಡೆವು ಅನಿಸುತ್ತದೆ.

9. ಹೊರಡುವ ಮುಂಚಿನ ರಾತ್ರಿ

ಎಲ್ಲ ಶೂಗಳಿಗೂ ಸಂಜೆಯೇ ಪೇಪರ್ ತುಂಬಿಸಿ. ಬಟ್ಟೆ ಹಿಂದಿನ ದಿನ ಮಧ್ಯಾಹ್ನದ ಮೇಲೆ ಒಗೆಯಲು ಬಿಡಬೇಡಿ, ಒಣಗಲ್ಲ, ಒದ್ದೆ ಬಟ್ಟೆ ಸೂಟ್‌ಕೇಸಿನಲ್ಲಿ ದೋಹಾ ತಲುಪುವ ಹೊತ್ತಿಗೆ ನಾರುತ್ತದೆ. ಒಣಗದ್ದು ಇದ್ದರೆ ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೇಲ್ಗಡೆ ಇಡಿ. ಬೆಣ್ಣೆ ಒಯ್ಯುತ್ತೇವೆ ಅನ್ನುವವರಿಗೆ ಫ್ರೀಜರ್‌ನಲ್ಲಿಟ್ಟು, ಟವೆಲ್ಲಿನಲ್ಲಿ ಸುತ್ತಿ ಚೆಕ್-ಇನ್ ಬ್ಯಾಗಿನಲ್ಲಿ ಹಾಕಿಕೊಡಿ. ಡಬ್ಲಿನ್ ವಿಮಾನವಾದರೆ ಕ್ಲೇರ್‌ನಿಂದ ಮೂರು ಗಂಟೆ ದಾರಿ ಹಿಡಿಯಿರಿ. ಬೇಲಿ ರಸ್ತೆಯಲ್ಲಿ ಹಸುಗಳ ಮಂದೆ ಎದುರಾದರೆ ಇನ್ನೊಂದರ್ಧ ಗಂಟೆ.

ಅವರು ಹೋದ ಕೂಡಲೇ ಹಾಸಿಗೆ ಬಟ್ಟೆ ತೆಗೆದು, ರೂಮಿಗೆ ಡಿಹ್ಯೂಮಿಡಿಫೈಯರ್ ಮತ್ತೆ ಹಚ್ಚಿ, ಶಾಖ ಬಿಡುತ್ತಿರುವಾಗಲೇ ಬೀರುವಿನ ಬಾಗಿಲು ತೆಗೆದಿಡಿ. ಆ ಮಧ್ಯಾಹ್ನ ಬಿಸಿಲು ಬಿದ್ದರೆ, ಬೀಳುತ್ತದೆ ಬಿಡಿ, ಬೆಡ್‌ಶೀಟುಗಳನ್ನು ಹೊರಗೆ ಒಣಹಾಕಿ. ಫೋಟೋ ಮಾತ್ರ ಅವರಿಗೆ ಕಳಿಸಬೇಡಿ.